ತೋಪು ಹಾರಿಸಿದರೆ ಆಣೆಕಲ್ಲು ನಿಲ್ಲುವುದೇ?



ಕಳೆದ ಬೇಸಿಗೆಯಲ್ಲಿ ಆಣೆಕಲ್ಲು ಬಿದ್ದ ಮೇಲೆ ಗಟ್ ಆಫೀಸಿಗೆ ಬಂದ ಕೆಲವು ಸದಸ್ಯರು ಒಂದು ಸೂಚನೆ ಮಾಡಿದರು. ಮೋಡಕ್ಕೆ ತೋಪು ಹಾರಿಸುವ ಯಂತ್ರವಿದೆಯಂತೆ, ಅದರ ಸಪ್ಪಳಕ್ಕೆ ಆಣೆಕಲ್ಲು ಒಡೆದು ನೀರಾಗುತ್ತದಂತೆ. ಕಬ್ಬಿನ ಬಿಲ್ಲಿನಲ್ಲಿ ಟನ್ನಿಗೆ ಇಷ್ಟೆಂದು ಮುರಿದುಕೊಂಡು ಕಾರಖಾನೆಯೇ ಅದನ್ನು ತರಿಸಬೇಕೆಂದು ಅವರ ಮಾತು. ತಮ್ಮೆಲ್ಲರ ಹಣದ ಪ್ರಶ್ನೆಯಾದ್ದರಿಂದ ಈ ಸಲ ಇದನ್ನೇ ವಿಚಾರ ಮಾಡೋಣ.

ಈ ತೋಪು ಹೊಸದೇನಲ್ಲ. 1896ರಲ್ಲಿ ಆಸ್ಟ್ರಿಯದ ಸ್ಟೀರಿಯ ಪ್ರಾಂತದಲ್ಲಿ ಆಲ್ಬರ್ಟ್ ಸ್ಟೀಗರ್ ಎಂಬ ದ್ರಾಕ್ಷಿ ಬೆಳೆಗಾರನು ತನ್ನ ಊರ ಸುತ್ತಲೂ ಇಂಥ ತೋಪುಗಳನ್ನು ನಿಲ್ಲಿಸಿ ಮದ್ದು ಹಾರಿಸಿದನು. ಆ ವರ್ಷ ಅಲ್ಲಿ ಆಣೆಕಲ್ಲಿನ ಹಾನಿಯಾಗಲಿಲ್ಲ. ಸುದ್ದಿ ಹಬ್ಬಿತು. 1900ರ ಹೊತ್ತಿಗೆ ಉತ್ತರ ಇಟಲಿಯಲ್ಲಿ ಸಾವಿರಾರು ತೋಪುಗಳಾದವು. ಮದ್ದು ಸಿಡಿದು ಜನರೂ ಸತ್ತರು. ಆಣೆಕಲ್ಲು ಮಾತ್ರ ಬೀಳುತ್ತಲೇ ಇತ್ತು. ಬಿದ್ದಲ್ಲಿ, ತಡಮಾಡಿ ಹಾರಿಸಿದಿರಿ, ಸಾಲುವಷ್ಟು ಹಾರಿಸಲಿಲ್ಲ ಎಂದು ಹೇಳುವವರಿದ್ದರು. ಕಡೆಗೆ ಎರಡೂ ಸರಕಾರಗಳು ಸ್ಟೀಗರನ ಊರಿನಲ್ಲಿಯೂ ಇಟಲಿಯ ಕಾಸ್ಟೆಲ್‌ಫ್ರಾಂಕೊದಲ್ಲಿಯೂ ಪರೀಕ್ಷೆ ನಡೆಸಿದವು. ಎರಡು ಕಡೆಯೂ ಬೆಳೆ ಹಾಳಾಯಿತು. 1905ರ ಸುಮಾರಿಗೆ ತೋಪುಗಳು ಮೂಲೆ ಸೇರಿದವು.

ಈಗ ಮದ್ದಿನ ಬದಲು ಅಸಿಟಿಲೀನ್ ಗ್ಯಾಸು ಬಂದಿದೆ. 2010ರ ಸುಮಾರಿಗೆ ಹಿಮಾಚಲದ ಸೇಬು ತೋಟಗಳಿಗೂ ಇವು ಬಂದವು. ಆದರೆ ಇಂಥ ಸಪ್ಪಳದಿಂದ ಆಣೆಕಲ್ಲು ತಡೆಯಬಹುದೆಂಬುದಕ್ಕೆ ಶಾಸ್ತ್ರೀಯ ಆಧಾರವಿಲ್ಲವೆಂದು ಜಾಗತಿಕ ಹವಾಮಾನ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ತಾವೇ ಯೋಚಿಸಿರಿ. ಆಣೆಕಲ್ಲು ಕಟ್ಟುವ ಮೋಡ ಹತ್ತು ಕಿಲೋಮೀಟರಿಗೂ ಮೇಲೆ ಬೆಳೆದಿರುತ್ತದೆ. ಅದರೊಳಗೆ ಮೇಲಕ್ಕೇರುವ ಬಿರುಗಾಳಿಯೇ ಕಲ್ಲನ್ನು ಹೊತ್ತು ದಪ್ಪ ಮಾಡುತ್ತದೆ. ನೆಲದ ಮೇಲಿನ ತೋಪಿನ ಸಪ್ಪಳ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೊರಗಿ ಹೋಗಿರುತ್ತದೆ. ಇಷ್ಟಕ್ಕೂ ಗುಡುಗು ಆ ಮೋಡದ ಹೊಟ್ಟೆಯಲ್ಲಿಯೇ ಹುಟ್ಟುತ್ತದೆ; ತೋಪಿಗಿಂತ ಅದೆಷ್ಟೋ ಪಾಲು ಜೋರು. ಗುಡುಗಿಗೆ ಒಡೆಯದ ಕಲ್ಲು ತೋಪಿಗೆ ಒಡೆದೀತೇ?

ಹಾಗಾದರೆ ನಂಬುವವರು ಏಕೆ ನಂಬುತ್ತಾರೆ? ಆಣೆಕಲ್ಲು ಪಟ್ಟಿ ಪಟ್ಟಿಯಾಗಿ ಬೀಳುತ್ತದೆ. ಹಳ್ಳದ ಈಚೆಯ ಹೊಲ ಹರಿದು ಚಿಂದಿಯಾದರೆ ಆಚೆಯದಕ್ಕೆ ಗಾಳಿಯೂ ತಾಗಿರುವುದಿಲ್ಲ. ಆಚೆಯವನು ತೋಪು ಹಾರಿಸಿದ್ದರೆ ಹೆಸರು ತೋಪಿಗೆ. ಸುಮ್ಮನೆ ಮಲಗಿದ್ದರೂ ಅವನ ಬೆಳೆ ಉಳಿಯುತ್ತಿತ್ತು.

ಸೋಲಾಪುರದಲ್ಲಿ ವಿಮಾನದಿಂದ ಮೋಡ ಬಿತ್ತಿದರಲ್ಲ ಎಂದು ಕೇಳುವಿರಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರಲ್ಲಿ ಮಾಡಿದ ಆ ಪ್ರಯೋಗ ಮಳೆ ಹೆಚ್ಚಿಸುವುದಕ್ಕೆ, ಬಿರುಗಾಳಿ ನಿಲ್ಲಿಸುವುದಕ್ಕಲ್ಲ. ಅದೂ ಬಿತ್ತಿದ ಮೋಡಗಳನ್ನು ಬಿತ್ತದ ಮೋಡಗಳ ಪಕ್ಕ ಇಟ್ಟು ಲೆಕ್ಕ ಹಾಕಿದ ಕೆಲಸ. ತೋಪು ಮಾರುವವರನ್ನು ಇಂಥದೇ ಲೆಕ್ಕ ಕೇಳಿರಿ.

ಇನ್ನು ನಮ್ಮ ಬೆಳೆಗೆ ಬರೋಣ. ದ್ರಾಕ್ಷಿಯವನ ಗೋಳು ಬೇರೆ. ಒಮ್ಮೆ ಕಲ್ಲು ಬಿದ್ದರೆ ಅವನ ವರ್ಷವೇ ಹೋಯಿತು. ಎಳೆಯ ಕಬ್ಬಿನಲ್ಲಿ ಬೆಳೆಯುವ ಸುಳಿ ಎಲೆಗಳ ನಡುವೆ, ನೆಲದ ಹತ್ತಿರವೇ ಇರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಸುರು ಲಾವಣಿಯ ಎಲೆ ಹರಿದುಹೋದರೂ ಬೇರು ಗಟ್ಟಿಯಿದ್ದರೆ ಹೊಸ ಎಲೆ ಬರುತ್ತದೆ. ಗಾಬರಿಯಿಂದ ಹರಗಿ ಹಾಕಬೇಡಿರಿ. ನಿಂತ ನೀರು ಹೊರಗೆ ಬಿಟ್ಟು, ಹೊಲ ಹದಕ್ಕೆ ಬಂದ ಮೇಲೆ ನೋಡಿ ನಿರ್ಧರಿಸಿರಿ.

ನಮಗೆ ದೊಡ್ಡ ನಷ್ಟ ಗಾಳಿಯಿಂದ. ಎತ್ತರಕ್ಕೆ ಹೋದ ಆಡಸಾಲಿ ಅಡ್ಡ ಬಿದ್ದರೆ ಗಣ್ಣಿನಿಂದ ಮೊಳಕೆ ಒಡೆಯುತ್ತದೆ, ಇಲಿ ಸೇರುತ್ತದೆ, ಸಕ್ಕರೆ ಇಳಿಯುತ್ತದೆ. ಇದಕ್ಕೆ ಉಪಾಯ ಹಳೆಯದೇ: ನಾಲ್ಕು ತಿಂಗಳಾಗುತ್ತಿದ್ದಂತೆ ಬುಡಕ್ಕೆ ಚೆನ್ನಾಗಿ ಮಣ್ಣೇರಿಸಿ, ಬೆಳೆದ ಮೇಲೆ ಎದುರುಬದುರು ಸಾಲುಗಳನ್ನು ರವದಿಯಿಂದಲೇ ಸೇರಿಸಿ ಕಟ್ಟಿರಿ. ಯೂರಿಯಾ ತಡವಾಗಿ ಸುರಿಯಬೇಡಿರಿ. ಮೆತ್ತಗಾದ ಕಬ್ಬು ಮೊದಲು ಬೀಳುತ್ತದೆ. ಕಟಾವಿನ ಹಂಗಾಮಿನಲ್ಲಿ ಬಿದ್ದರೆ ಕೂಡಲೇ ಗಟ್ ಆಫೀಸಿಗೆ ತಿಳಿಸಿರಿ.

ತೋಪು ಹಾರಿಸುವವನು ಸಿಡಿಲಿನ ಮೋಡದ ಕೆಳಗೆ ಬಯಲಿನಲ್ಲಿ ನಿಂತಿರುತ್ತಾನೆಂಬುದನ್ನೂ ಮರೆಯಬೇಡಿರಿ. ಅದೇ ಪುಣೆಯ ಸಂಸ್ಥೆ ತಯಾರಿಸಿದ 'ದಾಮಿನಿ' ಎಂಬ ಆ್ಯಪ್ ಸಿಡಿಲು ಸಮೀಪಿಸಿದರೆ ಮೊಬೈಲಿನಲ್ಲಿ ಎಚ್ಚರಿಸುತ್ತದೆ, ಅದಕ್ಕೆ ಹಣವಿಲ್ಲ. ಮೊಬೈಲಿನಲ್ಲಿ ಅದನ್ನು ಹಾಕಿಕೊಳ್ಳಲು ಬಾರದವರು ಮನೆಯಲ್ಲಿ ಓದುವ ಹುಡುಗರಿಗೆ ಹೇಳಿರಿ, ಇಲ್ಲವೆ ಗಟ್ ಆಫೀಸಿಗೆ ಬನ್ನಿರಿ.