ಒಂದೇ ಲ್ಯಾಪ್‌ಟಾಪ್ ಇದ್ದವರು ಬೀಟಾ ನೋಡುವುದು ಹೇಗೆ?

ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬರುತ್ತದೆ. ಅದಕ್ಕೂ ಕೆಲವು ವಾರ ಮೊದಲು ಅದರ ಬೀಟಾ, ಅಂದರೆ ಪರೀಕ್ಷೆಗೆಂದು ಬಿಡುವ ಆವೃತ್ತಿ, ಹೊರಬೀಳುತ್ತದೆ. ವಿಂಡೋಸ್‌ನ ಇಂಥದ್ದೇ ಆವೃತ್ತಿಗಳನ್ನು ನೋಡಬಯಸುವವರಿಗಾಗಿ ಮೈಕ್ರೋಸಾಫ್ಟ್ 2014ರಿಂದ ವಿಂಡೋಸ್ ಇನ್‌ಸೈಡರ್ ಪ್ರೋಗ್ರಾಂ ನಡೆಸುತ್ತಿದೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ನೋಡಬಹುದು. ಖಾನಾಪುರದಿಂದ ರೈಲು ಹತ್ತಿ ಬೆಳಗಾವಿಯ ಉದ್ಯಮಬಾಗಿನ ಕಾಲೇಜಿಗೋ ಮಚ್ಛೆಯ ವಿಟಿಯುಗೋ ಬರುವ, ಪ್ರಾಜೆಕ್ಟು, ನೋಟ್ಸು, ಮನೆಯವರ ಫೋಟೋ ಎಲ್ಲವನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿರುವ ವಿದ್ಯಾರ್ಥಿಗಾಗಿ ಈ ಬರಹ.

ಹಂತ 1: ಯಾವ ಯಂತ್ರ ಬೇಡ, ಯಾವ ದಿನ ಬೇಡ

ಖಡೇಬಜಾರದ ಅಂಗಡಿಯಲ್ಲಿ ಟ್ಯಾಲಿ ಓಡುವ ಕಂಪ್ಯೂಟರ್, ಡಿಜಿಟಲ್ ಸಹಿಯ ಟೋಕನ್ ಸಿಕ್ಕಿಸಿ ಜಿಎಸ್‌ಟಿ ತುಂಬುವ ಕಂಪ್ಯೂಟರ್, ಇವುಗಳ ತಂಟೆಗೆ ಹೋಗಬೇಡಿ. ಸೆಮಿಸ್ಟರ್ ಪರೀಕ್ಷೆಯ ವಾರ, ಪ್ರಾಜೆಕ್ಟ್ ರಿಪೋರ್ಟ್ ಒಪ್ಪಿಸುವ ವಾರವೂ ಬೇಡ.

ಹಂತ 2: ಬ್ಯಾಕಪ್

2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1809 ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿಯಿತು. ಅದು ಬೀಟಾ ಕೂಡ ಆಗಿರಲಿಲ್ಲ, ಪರೀಕ್ಷೆ ಮುಗಿಸಿ ಎಲ್ಲರಿಗೂ ಬಿಟ್ಟದ್ದು. ಹಾಗಾಗಿ ಬೇಕಾದ ಕಡತಗಳ ಒಂದು ಪ್ರತಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಗೂಗಲ್ ಡ್ರೈವ್‌ನಂಥ ಕಡೆ ಇರಲಿ. ಪ್ರತಿ ಮಾಡಿದ ಮೇಲೆ ಎರಡು ಮೂರು ಕಡತ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹೊಸ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ನಿಮಗೆ ಗೊತ್ತಿಲ್ಲದೆಯೇ ಚಾಲೂ ಇರಬಹುದು. ಅದರ 48 ಅಂಕಿಯ ರಿಕವರಿ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಯಾಸ್‌ನಲ್ಲಿ ಏನನ್ನಾದರೂ ಬದಲಿಸಿದರೆ ಮುಂದಿನ ಸಲ ಬೂಟ್ ಆಗುವಾಗ ಅದನ್ನೇ ಕೇಳಬಹುದು.

ಹಂತ 3: ಡೌನ್‌ಲೋಡ್

ಉಬುಂಟು ಡೆಸ್ಕ್‌ಟಾಪಿನ ಇನ್‌ಸ್ಟಾಲ್ ಕಡತ (ಐಎಸ್‌ಒ) ಸುಮಾರು 6 ಜಿಬಿ. ಜಾಂಬೋಟಿ, ಕಣಕುಂಬಿ ಕಡೆ ಮೊಬೈಲ್ ಡೇಟಾದಲ್ಲಿ ಇಳಿಸುವ ಬದಲು ಬೆಳಗಾವಿಯ ವೈಫೈಯಲ್ಲಿ ಮುಗಿಸಿಕೊಂಡು ಬನ್ನಿ. ಉಬುಂಟುವಿನ ಅಧಿಕೃತ ಜಾಲತಾಣದಲ್ಲೇ ಟೊರೆಂಟ್ ಕೊಂಡಿಯೂ ಇರುತ್ತದೆ. ಅದು ನಡುವೆ ಕಡಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ಬಂದ ತುಣುಕುಗಳನ್ನು ತಾನೇ ತಾಳೆ ನೋಡುತ್ತದೆ. ನೇರ ಡೌನ್‌ಲೋಡ್ ಮಾಡಿದವರು ಕಡತ ಕೆಡದೆ ಬಂದಿದೆಯೇ ಎಂದು ತಿಳಿಯಲು ಅದರ ಶಾ-256 ಚೆಕ್‌ಸಮ್ ಅನ್ನು ಜಾಲತಾಣದಲ್ಲಿ ಕೊಟ್ಟದ್ದಕ್ಕೆ ಹೋಲಿಸಲೇಬೇಕು. ಗೆಳೆಯರ ಪೆನ್‌ಡ್ರೈವಿನಿಂದ ಬಂದ ಐಎಸ್‌ಒ ಆದರೂ ಅಷ್ಟೇ.

ಹಂತ 4: ಮೊದಲು ವರ್ಚುವಲ್‌ಬಾಕ್ಸ್

ಹೊಸಬರು ನಿಲ್ಲಬೇಕಾದ ಜಾಗ ಇದು. ವರ್ಚುವಲ್‌ಬಾಕ್ಸ್ ಎಂಬುದು ಉಚಿತ ತಂತ್ರಾಂಶ. ನಿಮ್ಮ ವಿಂಡೋಸ್‌ನೊಳಗೇ ಇನ್ನೊಂದು ಕಂಪ್ಯೂಟರ್ ಇರುವಂತೆ ಬೀಟಾವನ್ನು ಓಡಿಸುತ್ತದೆ. ಒಳಗಿನದು ಕೆಟ್ಟರೆ ಅಳಿಸಿದರಾಯಿತು, ಹೊರಗಿನದಕ್ಕೆ ಏನೂ ಆಗುವುದಿಲ್ಲ.

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ವರ್ಚುವಲೈಸೇಷನ್ ಎಂಬುದರ ಮುಂದೆ ಎನೇಬಲ್ಡ್ ಇರಬೇಕು. ಇಲ್ಲದಿದ್ದರೆ ಬಯಾಸ್‌ನಲ್ಲಿ ಚಾಲೂ ಮಾಡಿ. 8 ಜಿಬಿ ರ‍್ಯಾಮ್ ಇದ್ದರೆ ಒಳಗಿನದಕ್ಕೆ 4 ಜಿಬಿ, ಎರಡು ಪ್ರೊಸೆಸರ್, 30 ಜಿಬಿ ಡಿಸ್ಕ್ ಕೊಡಿ. 4 ಜಿಬಿ ಮಾತ್ರ ಇದ್ದರೆ ಈ ಹಂತ ಬಿಟ್ಟು ಮುಂದಿನದಕ್ಕೆ ಹೋಗಿ, ಇಲ್ಲಿ ಬರೀ ಕಾಯುವುದೇ ಆಗುತ್ತದೆ.

ಇನ್‌ಸ್ಟಾಲ್ ಮುಗಿದ ಕೂಡಲೇ ಸ್ನ್ಯಾಪ್‌ಶಾಟ್ ತೆಗೆಯಿರಿ. ಪ್ರತಿ ದೊಡ್ಡ ಅಪ್‌ಡೇಟಿಗೆ ಮೊದಲೂ ಒಂದು ತೆಗೆಯಿರಿ. ಅಪ್‌ಡೇಟ್ ಎಡವಟ್ಟಾದರೆ ರಿಸ್ಟೋರ್ ಒತ್ತಿ ಹಿಂದಿನ ಸ್ಥಿತಿಗೆ ಬರಬಹುದು. ಆದರೆ ಸ್ನ್ಯಾಪ್‌ಶಾಟ್ ಇರುವುದೂ ಅದೇ ಡಿಸ್ಕಿನಲ್ಲಿ, ಅದನ್ನು ಬ್ಯಾಕಪ್ ಎಂದುಕೊಳ್ಳಬೇಡಿ. ಬ್ಯಾಂಕಿನ ಪಾಸ್‌ವರ್ಡನ್ನು ಬೀಟಾದೊಳಗೆ ಹೊಡೆಯಲೂ ಬೇಡಿ.

ಮಳೆಗಾಲದಲ್ಲಿ ಖಾನಾಪುರದ ಕಡೆ ಕರೆಂಟ್ ನೆಚ್ಚಿಕೊಂಡು ಇನ್‌ಸ್ಟಾಲ್‌ಗೆ ಕೂರಬಾರದು. ಬ್ಯಾಟರಿ ಪೂರ್ತಿ ತುಂಬಿರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು.

ಹಂತ 5: ಪೆನ್‌ಡ್ರೈವಿನಿಂದ ಓಡಿಸಿ

ವೈಫೈ, ಕ್ಯಾಮೆರಾ, ಟಚ್‌ಪ್ಯಾಡ್, ಮುಚ್ಚಳ ಮುಚ್ಚಿದಾಗ ಮಲಗಿ ಏಳುವುದು, ಇವನ್ನೆಲ್ಲ ವರ್ಚುವಲ್‌ಬಾಕ್ಸ್ ತೋರಿಸಲಾರದು. ರೂಫಸ್ ಎಂಬ ತಂತ್ರಾಂಶ ಬಳಸಿ 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವಿಗೆ ಐಎಸ್‌ಒ ಬರೆಯಿರಿ. ಅದರಲ್ಲಿದ್ದುದೆಲ್ಲ ಅಳಿಯುತ್ತದೆ. ಬೂಟ್ ಮಾಡಿದಾಗ ‘ಟ್ರೈ ಉಬುಂಟು’ ಆರಿಸಿ, ‘ಇನ್‌ಸ್ಟಾಲ್’ ಅಲ್ಲ.

ವಿಂಡೋಸ್ ಪಕ್ಕದಲ್ಲೇ ಹಾಕಿಕೊಂಡು ಡ್ಯುಯಲ್ ಬೂಟ್ ಮಾಡಬಹುದಲ್ಲ ಎಂದು ಹೇಳುವವರು ಸಿಗುತ್ತಾರೆ. ಬೀಟಾಕ್ಕೆ ಅದು ಬೇಡ. ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ ಹಾಕಿದರೂ ಕಂಪ್ಯೂಟರನ್ನು ಶುರು ಮಾಡಿಸುವ ಬೂಟ್‌ಲೋಡರ್ ಹೋಗಿ ಒಳಗಿನ ಡಿಸ್ಕಿನಲ್ಲಿ ಕೂರುವ ಫಜೀತಿ ಉಂಟು. ವಿಂಡೋಸ್ ಇನ್‌ಸೈಡರ್‌ನದೂ ಅದೇ ಕಥೆ: ಅದರ ಮೊದಮೊದಲ ಚಾನೆಲ್‌ಗಳಿಂದ ಹಿಂದಿರುಗಲು ಸಾಮಾನ್ಯವಾಗಿ ವಿಂಡೋಸ್ ಪೂರ್ತಿ ಹೊಸದಾಗಿ ಹಾಕಬೇಕಾಗುತ್ತದೆ. ಬಳಸದೆ ಬಿದ್ದಿರುವ ಹಳೆಯ ಯಂತ್ರವಿದ್ದರೆ ಮಾತ್ರ ಇನ್‌ಸೈಡರ್‌ಗೆ ಸೇರಿ.

ಹಂತ 6: ನೋಡಿ, ಬರೆದು ತಿಳಿಸಿ

ಇಲ್ಲಿ ಬೆಳಗಾವಿಯವರಿಗೆ ಕೈಗೂಡುವ ಕೆಲಸವೊಂದಿದೆ. ಕನ್ನಡ, ಮರಾಠಿ ಎರಡನ್ನೂ ಒಂದೇ ಕಡತದಲ್ಲಿ ಹೊಡೆಯುವವರು ಈ ಊರಿನಲ್ಲಿದ್ದಾರೆ. ಉಬುಂಟು ಕಟ್ಟುವವರ ನಡುವೆ ಅಂಥವರು ಅಪರೂಪ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಎರಡೂ ಭಾಷೆ ಸೇರಿಸಿ. ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಕಲಿತವರಿಗೆ ಒಗ್ಗುವ ಕಗಪ ವಿನ್ಯಾಸ ಎರಡಕ್ಕೂ ಇದೆ. ‘ಸೂರ್ಯ’ದ ಅರ್ಕಾವತ್ತು, ‘ರ‍್ಯಾಂಕ್’ನ ರಕಾರ, ‘ಕ್ಷ್ಮ’ದಂಥ ಮೂರಕ್ಷರದ ಒತ್ತು ಬರೆದು ನೋಡಿ. ಮರಾಠಿಯ ಅರ್ಧ ರಕಾರವನ್ನೂ ಪರೀಕ್ಷಿಸಿ. ಲಿಬ್ರೆ ಆಫೀಸ್‌ನಿಂದ ಪಿಡಿಎಫ್ ಮಾಡಿ, ಅಲ್ಲಿಂದ ಕಾಪಿ ಮಾಡಿದರೆ ಅಕ್ಷರ ಸರಿ ಬರುತ್ತದೆಯೇ ನೋಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತ ಅಡ್ಡಾದಿಡ್ಡಿ ಕಂಡರೆ ಅದು ಬೀಟಾದ ತಪ್ಪಲ್ಲ. ಅದನ್ನು ವರದಿ ಮಾಡಬೇಡಿ.

ದೋಷ ಕಂಡರೆ ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬ ಮೂರು ಸಂಗತಿಯನ್ನು ಬರೆದು, ಪರದೆಯ ಚಿತ್ರ ಸೇರಿಸಿ, ಉಬುಂಟುವಿನ ದೋಷಗಳನ್ನು ದಾಖಲಿಸುವ ತಾಣವಾದ ಲಾಂಚ್‌ಪ್ಯಾಡ್‌ಗೆ ಕಳಿಸಿ. ಚಿಕ್ಕ ವಿಷಯ ಎಂದು ಬಿಡಬೇಡಿ. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಡೆಬಿಯನ್‌ನ ಇನ್ನೂ ಪಕ್ಕಾ ಆಗದ ಆವೃತ್ತಿಯಲ್ಲಿ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನುಹತ್ತಿದರು. ಎಕ್ಸ್‌ಝಡ್ ಎಂಬ ತಂತ್ರಾಂಶದಲ್ಲಿ ಯಾರೋ ಇಟ್ಟಿದ್ದ ಕಳ್ಳಬಾಗಿಲು ಹೀಗೆ ಹೊರಬಿತ್ತು. ಅದರಿಂದಾಗಿ ಉಬುಂಟು 24.04ರ ಬೀಟಾ ಒಂದು ವಾರ ಮುಂದಕ್ಕೆ ಹೋಗಿ ಏಪ್ರಿಲ್ 11ಕ್ಕೆ ಬಂತು.

ವರ್ಚುವಲ್‌ಬಾಕ್ಸ್‌ನಲ್ಲಿ ಹಾಕಿದ ಬೀಟಾಕ್ಕೆ ಅಪ್‌ಡೇಟ್ ಕೊಡುತ್ತಾ ಹೋದರೆ ಬಿಡುಗಡೆಯ ದಿನ ಅದೇ ಅಂತಿಮ ಆವೃತ್ತಿಯಾಗುತ್ತದೆ, ಮತ್ತೆ ಹಾಕುವ ಕೆಲಸವಿಲ್ಲ. ಲ್ಯಾಪ್‌ಟಾಪಿಗೆ ನಿಜವಾಗಿ ಹಾಕಿಕೊಳ್ಳುವ ಮನಸ್ಸಿದ್ದರೆ ಆ ದಿನದ ನಂತರವೂ ಒಂದು ತಿಂಗಳು ತಡೆಯಿರಿ.