ಅರ್ಥಧಾರಿಯನ್ನು ಕಂಪ್ಯೂಟರಿಗೆ ಓದಿಸಿದ್ದು

‘ಅರ್ಥಧಾರಿ’ ಎಂಬುದು ಕಂಪ್ಯೂಟರಿಗೆ ತ್ರಾಸದ ಪದ. ‘ಥ’ ಮತ್ತು ‘ಧ’ ಅಕ್ಕಪಕ್ಕದಲ್ಲೇ ಕೂತಿವೆ. ಎರಡಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ. ಮೊಳೆ ಅಚ್ಚಿನ ಪುಸ್ತಕದಲ್ಲಿ ಮಸಿ ಸ್ವಲ್ಪ ಹೆಚ್ಚಾದರೆ ಆ ಚುಕ್ಕಿ ಹೂತುಹೋಗುತ್ತದೆ, ಕಡಿಮೆಯಾದರೆ ಮೂಡುವುದೇ ಇಲ್ಲ. ಸಾಲದ್ದಕ್ಕೆ ಒಂದು ಅರ್ಕಾವತ್ತು ಬೇರೆ. ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನವೇ ತಾಳಮದ್ದಳೆ, ಅದರಲ್ಲಿ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವವನೇ ಅರ್ಥಧಾರಿ. ತಾಳಮದ್ದಳೆಯ ಬಗ್ಗೆ ಬರೆದ ಯಾವ ಪುಟ ತೆಗೆದರೂ ಈ ಪದ ಇದ್ದೇ ಇರುತ್ತದೆ.

ನಮ್ಮೂರಿನ ಯಕ್ಷಗಾನ ಸಂಘದ ಕಪಾಟಿನಲ್ಲಿ ಅಂಥ ಪುಟಗಳ ರಾಶಿಯೇ ಇತ್ತು. ಹಳೆಯ ಸ್ಮರಣ ಸಂಚಿಕೆಗಳು, ಸಪ್ತಾಹದ ಆಮಂತ್ರಣಗಳು, ಕೆಲವು ಸಿ.ಡಿ., ಒಂದು ಟ್ರಂಕಿನ ತುಂಬ ಕ್ಯಾಸೆಟ್. ಯಾವ ವರ್ಷ ಯಾವ ಪ್ರಸಂಗ, ಕರ್ಣ ಯಾರು, ಶಲ್ಯ ಯಾರು ಎಂದು ಹುಡುಕಿದರೆ ಸಿಗುವ ಹಾಗೆ ಇವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಕಾರ್ಯದರ್ಶಿಗಳಾದ ನಿವೃತ್ತ ಮಾಷ್ಟ್ರ ಹಟ. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವ, ಪ್ರೋಗ್ರಾಂ ಬರೆಯುವುದು ನನ್ನ ಕಸುಬಲ್ಲ. ಆದರೆ ಈಗ ಎಐ ಇದೆಯಲ್ಲ, ಕೇಳಿದರೆ ಅದೇ ಬರೆದುಕೊಡುತ್ತದೆ. ಸಂಘದ ಹತ್ತಿರ ದುಡ್ಡಿಲ್ಲ. ಹಾಗಾಗಿ ತಂತ್ರಾಂಶವೆಲ್ಲ ಓಪನ್ ಸೋರ್ಸೇ ಆಗಬೇಕಿತ್ತು.

ಸಿ.ಡಿ.ಗಳಿಂದ ಶುರು ಮಾಡಿದೆವು. ಅವುಗಳಲ್ಲಿದ್ದದ್ದು ಪೇಜ್‌ಮೇಕರ್ ಕಡತಗಳು. ಒಂದು ಕಾಲದಲ್ಲಿ ಕರ್ನಾಟಕದ ಡಿಟಿಪಿ ಅಂಗಡಿಗಳೆಲ್ಲ ಅದರ ಮೇಲೇ ನಿಂತಿದ್ದವು. 2001ರಲ್ಲಿ ಬಂದ 7ನೇ ಆವೃತ್ತಿಯೇ ಅದರ ಕೊನೆಯದು. ಆಮೇಲೆ ಅಡೋಬಿ ಕಂಪನಿ ಅದನ್ನು ಬೆಳೆಸಲಿಲ್ಲ. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಕಡತ ತೆರೆಯುವುದು ಹೇಗೆ ಎಂದು ಕೇಳಿದಾಗ ಎಐ ಲಿಬ್ರೆ ಆಫೀಸಿನ ಕಡೆ ಕೈ ತೋರಿಸಿತು. 2015ರಲ್ಲಿ ಬಂದ ಅದರ 4.4ನೇ ಆವೃತ್ತಿಗೆ ಪೇಜ್‌ಮೇಕರ್ ಕಡತ ಓದುವ ವಿದ್ಯೆಯನ್ನು ಯಾರೋ ಪುಣ್ಯಾತ್ಮರು ಸೇರಿಸಿದ್ದಾರೆ. ಮಾಡಿದ ಕಂಪನಿಯೇ ಬಿಟ್ಟುಹೋದ ಕಡತವನ್ನು ಸಂಬಂಧವೇ ಇಲ್ಲದವರು ಕೂತು ಬಿಡಿಸಿ ಎಲ್ಲರಿಗೂ ಹಂಚಿದ್ದಾರೆ. ಓಪನ್ ಸೋರ್ಸ್ ಎಂದರೆ ಪುಕ್ಕಟೆ ಸಾಮಾನು ಎಂದುಕೊಂಡವರು ಇಂಥ ಕಡೆ ಒಮ್ಮೆ ಸಿಕ್ಕಿಹಾಕಿಕೊಳ್ಳಬೇಕು. ಪುಟದ ವಿನ್ಯಾಸ ಚೆಲ್ಲಾಪಿಲ್ಲಿಯಾಗಿತ್ತು, ಆದರೆ ಬರಹ ಉಳಿದಿತ್ತು.

ಉಳಿದದ್ದು ಕನ್ನಡವಾಗಿ ಅಲ್ಲ. ಆ ಕಾಲದ ‘ನುಡಿ’, ‘ಬರಹ’ ಎಂಬ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟ್ ತೆಗೆದರೆ ‘ಕನ್ನಡ’ ಎಂಬ ಪದ ಇಂಗ್ಲಿಷಿನ ‘ಪಿ’ಯಿಂದ ಶುರುವಾಗಿ, ತಲೆಗೆ ಗೀಟೆಳೆದ ‘ಎ’ಗಳ ಮೆರವಣಿಗೆಯಾಗುತ್ತದೆ. ಇದನ್ನು ಯೂನಿಕೋಡಿಗೆ ತರಬೇಕು. ಎಐಗೆ ಹೇಳಿದ್ದೇ ತಡ, ಪೈಥಾನಿನಲ್ಲಿ ಪ್ರೋಗ್ರಾಂ ಬರೆದುಕೊಟ್ಟಿತು. ಯಾವ ಸಂಕೇತಕ್ಕೆ ಯಾವ ಅಕ್ಷರ ಎಂಬ ಪಟ್ಟಿಯನ್ನು ಮಾತ್ರ ತನ್ನ ನೆನಪಿನಿಂದ ತುಂಬಿತ್ತು. ಅದರಲ್ಲಿ ಅರ್ಧ ಸರಿ, ಅರ್ಧ ಊಹೆ. ಎರಡನ್ನೂ ಒಂದೇ ಧೈರ್ಯದಲ್ಲಿ ಬರೆದಿತ್ತು. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಮುಕ್ತ ತಂತ್ರಾಂಶಗಳನ್ನು ಕನ್ನಡದ ಹುಡುಗರು ಬಹಳ ಹಿಂದೆಯೇ ಮಾಡಿಟ್ಟಿದ್ದಾರೆ. ಅವುಗಳ ಕೋಡ್ ತೆರೆದೇ ಇರುವುದರಿಂದ ಪಟ್ಟಿಯನ್ನು ಅಲ್ಲಿಂದ ತೆಗೆದು ಎಐಗೆ ಕೊಟ್ಟು, ‘ನಿನ್ನ ಪಟ್ಟಿ ಬಿಡು, ಇದನ್ನು ಹಿಡಿ’ ಎಂದೆ. ಆಮೇಲೆ ಕೆಲಸ ಸಲೀಸಾಯಿತು.

ಅರ್ಕಾವತ್ತಿನ ತನಕ ಸಲೀಸು. ಅಚ್ಚಿನಲ್ಲಿ ಅರ್ಕಾವತ್ತು ಅಕ್ಷರದ ಬಲಕ್ಕೆ ಕೂರುತ್ತದೆ, ನುಡಿಯ ಕಡತದಲ್ಲಿಯೂ ಅದೇ ಅನುಕ್ರಮ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಅನುಕ್ರಮ, ಅಂದರೆ ‘ರ್’ ಮೊದಲು. ಹಾಗಾಗಿ ಪ್ರೋಗ್ರಾಂ ಅರ್ಕಾವತ್ತನ್ನು ಎತ್ತಿಕೊಂಡು ಹಿಂದಕ್ಕೆ ನಡೆಯಬೇಕು. ಎಷ್ಟು ಹಿಂದಕ್ಕೆ? ಎಐ ಬರೆದ ಪ್ರೋಗ್ರಾಂ ಒಂದೇ ವ್ಯಂಜನ ದಾಟಿ ನಿಲ್ಲುತ್ತಿತ್ತು. ‘ಕರ್ಣ’, ‘ಪರ್ವ’ ಸರಿಯಾಗಿ ಬಂದವು. ಒತ್ತಕ್ಷರ ಇದ್ದ ಕಡೆ ಎಡವಿತು: ‘ಸಾಮರ್ಥ್ಯ’ ಹೋಗಿ ‘ಸಾಮಥ್ರ್ಯ’ ಆಯಿತು. ಜಾಲತಾಣಗಳಲ್ಲಿ ಇವತ್ತಿಗೂ ಈ ‘ಸಾಮಥ್ರ್ಯ’ ಕಣ್ಣಿಗೆ ಬೀಳುತ್ತದೆ. ಅದು ಯಾರೋ ಕಾಗುಣಿತ ಬಾರದೆ ಬರೆದದ್ದಲ್ಲ, ಹಳೆಯ ಕಡತವನ್ನು ಯಂತ್ರಕ್ಕೆ ಹಾಕಿ ತೆಗೆದವರು ತಿರುಗಿ ನೋಡದೆ ಬಿಟ್ಟದ್ದು.

‘ಒತ್ತಕ್ಷರ ಸಮೇತ ಇಡೀ ಗುಂಪನ್ನು ದಾಟಿ ಹಿಂದೆ ಹೋಗಬೇಕು’ ಎಂದು ಹೇಳಿದ ಕೂಡಲೇ ಎಐ ತಿದ್ದಿಕೊಟ್ಟಿತು. ಆದರೆ ಅದರ ಒಂದು ಗುಣವಿದೆ: ಇವತ್ತು ಇದನ್ನು ತಿದ್ದಿಸಿ ನಾಳೆ ಇನ್ನೊಂದನ್ನು ಕೇಳಿದರೆ, ತಿದ್ದಿದ್ದನ್ನು ಕೆಡಿಸಿಬಿಡುವುದೂ ಉಂಟು. ಇದಕ್ಕೆ ಮದ್ದು ಮಾಷ್ಟ್ರಿಂದ ಬಂತು. ಅವರು ಸ್ವತಃ ಅರ್ಥಧಾರಿ. ಒಂದು ಹಳೆ ಆಮಂತ್ರಣದ ಬೆನ್ನಿಗೆ ಕಷ್ಟದ ಪದಗಳನ್ನು ಬರೆಯುತ್ತ ಹೋದರು: ಅರ್ಘ್ಯ, ಊರ್ಧ್ವ, ಮರ್ತ್ಯ, ಕಿರ್ಮೀರ. ಕೊನೆಗೆ ‘ಇದನ್ನು ಹಾಕಿ ನೋಡಿ ಮಾರಾಯ್ರೆ’ ಎಂದು ‘ಕಾರ್ತವೀರ್ಯಾರ್ಜುನ’ ಬರೆದರು. ಒಂದೇ ಹೆಸರಿನಲ್ಲಿ ಮೂರು ಅರ್ಕಾವತ್ತು! ಆ ಪಟ್ಟಿಯೇ ನಮ್ಮ ಪರೀಕ್ಷೆಯ ಕಡತವಾಯಿತು. ಪ್ರೋಗ್ರಾಮಿನಲ್ಲಿ ಏನೇ ಬದಲಾದರೂ ಮೊದಲು ಆ ಪದಗಳು ಸರಿಯಾಗಿ ಹೊರಬರಬೇಕು, ಒಂದು ಕೆಟ್ಟರೂ ಮುಂದಕ್ಕೆ ಹೋಗುವಂತಿಲ್ಲ. ಕೋಡ್ ಓದಲು ಬಾರದವನಿಗೆ ಇದಕ್ಕಿಂತ ಒಳ್ಳೆಯ ಕಾವಲು ಇಲ್ಲ. ನನಗೆ ಪೈಥಾನ್ ಬಾರದಿದ್ದರೂ ಕಾರ್ತವೀರ್ಯಾರ್ಜುನ ಗೊತ್ತಲ್ಲ.

ಸಿ.ಡಿ.ಗಿಂತ ಹಳೆಯ ಸಂಚಿಕೆಗಳು ಕಾಗದದಲ್ಲಿ ಮಾತ್ರ ಇದ್ದವು. ಅವನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್‌ಗೆ ಓದಿಸಿದೆವು. ಇದು 1985ರಿಂದ ಸುಮಾರು ಹತ್ತು ವರ್ಷ ಎಚ್‌ಪಿ ಕಂಪನಿಯೊಳಗೆ ಬೆಳೆದು, 2005ರಲ್ಲಿ ಮುಕ್ತವಾದ ತಂತ್ರಾಂಶ. 2018ರ 4ನೇ ಆವೃತ್ತಿಯಲ್ಲಿ ನರಜಾಲದ ವಿಧಾನ ಬಂದ ಮೇಲೆ ಕನ್ನಡವನ್ನು ಸಾಕಷ್ಟು ಚೆನ್ನಾಗಿಯೇ ಓದುತ್ತದೆ. ಸ್ವಚ್ಛ ಪುಟವಾದರೆ ಸರಿ. ಮಳೆಗಾಲದಲ್ಲಿ ಬೂಸಲು ಹಿಡಿದ ಪುಟವಾದರೆ ‘ಅರ್ಥಧಾರಿ’ ನಾಲ್ಕು ಅವತಾರ ಎತ್ತುತ್ತಾನೆ. ‘ಪ’ ಇದ್ದಲ್ಲಿ ‘ಷ’, ‘ಘ’ ಇದ್ದಲ್ಲಿ ‘ಫ’.

ಇಷ್ಟೆಲ್ಲ ತಪ್ಪಿರುವ ಪುಟವನ್ನು ಎಐಗೇ ಕೊಟ್ಟು ತಿದ್ದಿಸಬಾರದೇಕೆ? ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ನಾನೂ ಒಂದು ಪುಟ ಕೊಟ್ಟು, ‘ಅಕ್ಷರದೋಷ ಮಾತ್ರ ತಿದ್ದು, ಬೇರೇನೂ ಮುಟ್ಟಬೇಡ’ ಎಂದು ನೋಡಿದೆ. ಬಂದ ಪುಟ ಎಷ್ಟು ಚೆನ್ನಾಗಿತ್ತೆಂದರೆ ಓದಿ ಖುಷಿಯಾಯಿತು. ಮಾಷ್ಟ್ರು ಕನ್ನಡಕ ಹಾಕಿಕೊಂಡು ಮೂಲದ ಜೊತೆ ಸಾಲು ಸಾಲು ಹೋಲಿಸಿದರು. ‘ಚೌಕಿಯಲ್ಲಿ ಬಣ್ಣ ಹಚ್ಚುತ್ತಿದ್ದಾಗ’ ಎಂಬುದು ‘ಚೌಕದಲ್ಲಿ ಬಣ್ಣ ಹಚ್ಚುತ್ತಿದ್ದಾಗ’ ಆಗಿತ್ತು. ವೇಷಧಾರಿಗಳು ಬಣ್ಣ ಹಚ್ಚುವ ಕೋಣೆಯಾದ ಚೌಕಿ ಬಿಟ್ಟು ನಾಲ್ಕು ದಾರಿ ಕೂಡುವಲ್ಲಿ ಕೂತು ಬಣ್ಣ ಹಚ್ಚುವಂತಾಯಿತು. ‘ಬಣ್ಣದ ವೇಷ’ ಎಂದರೆ ಯಕ್ಷಗಾನದಲ್ಲಿ ರಾಕ್ಷಸ ಪಾತ್ರಗಳ ಒಂದು ವರ್ಗ. ಅದು ‘ಬಣ್ಣಬಣ್ಣದ ವೇಷಭೂಷಣ’ ಆಗಿತ್ತು. ‘ಗುಡ್ಡೆ’ ‘ಗುಡ್ಡ’ವಾಗಿತ್ತು, ‘ಹೋದ್ದು’ ‘ಹೋಗಿದ್ದು’ ಆಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಪುಟದ ಮೂಲೆ ಗೆದ್ದಲು ತಿಂದು ಹೋದಲ್ಲಿ ಒಂದೂವರೆ ಸಾಲು ಇರಲಿಲ್ಲ. ಎಐ ಆ ಜಾಗದಲ್ಲಿ ಹಿಂದುಮುಂದಿಗೆ ಸರಿಹೊಂದುವ ವಾಕ್ಯವೊಂದನ್ನು ತಾನೇ ಹೊಲಿದು ಕೂರಿಸಿತ್ತು.

‘ಇದು ನಮ್ಮೂರಿನವರು ಬರೆದದ್ದಲ್ಲ, ಪೇಪರಿನವರ ಕನ್ನಡ’ ಎಂದರು ಮಾಷ್ಟ್ರು.

ಟೆಸರಾಕ್ಟ್ ಮಾಡುವ ತಪ್ಪು ತಪ್ಪಿನ ಹಾಗೇ ಕಾಣುತ್ತದೆ. ‘ಅಥರ್ಧಾರಿ’ ಎಂದು ಇದ್ದರೆ ಕಣ್ಣು ತಾನಾಗಿ ನಿಲ್ಲುತ್ತದೆ. ಪ್ರೋಗ್ರಾಂ ಮಾಡುವ ತಪ್ಪು ಎಲ್ಲ ಕಡೆಯೂ ಒಂದೇ ತಪ್ಪು: ‘ಸಾಮಥ್ರ್ಯ’ ಒಂದು ಕಡೆ ಕಂಡರೆ ಸಾಕು, ಸಾವಿರ ಪುಟದಲ್ಲೂ ಒಂದೇ ಏಟಿಗೆ ಸರಿಯಾಗುತ್ತದೆ. ಎಐ ನೇರವಾಗಿ ಪಠ್ಯಕ್ಕೆ ಕೈ ಹಾಕಿ ಮಾಡುವ ತಪ್ಪು ಒಳ್ಳೆಯ ಕನ್ನಡದಲ್ಲಿರುತ್ತದೆ, ಒಂದೊಂದು ಪುಟಕ್ಕೆ ಒಂದೊಂದು ಥರ ಇರುತ್ತದೆ, ಮೂಲ ಪಕ್ಕದಲ್ಲಿ ಇಟ್ಟುಕೊಳ್ಳದೆ ಸಿಗುವುದೇ ಇಲ್ಲ. ಹಾಗಾಗಿ ನಾವು ಒಂದು ನಿಯಮ ಮಾಡಿಕೊಂಡೆವು: ಎಐ ಸಲಕರಣೆ ಮಾಡಿಕೊಡಲಿ, ಬರಹ ಮುಟ್ಟುವುದು ಬೇಡ. ಬರಹವನ್ನು ಮುಟ್ಟುವುದು ಪ್ರೋಗ್ರಾಂ ಮತ್ತು ಮನುಷ್ಯರು ಮಾತ್ರ.

ಹಾಗೆಂದು ಎಐಯ ಉಪಕಾರ ಕಡಿಮೆಯೇನಲ್ಲ. ಬರಹವೆಲ್ಲ ಒಳಗೆ ಹೋದ ಮೇಲೆ ಕಣ್ಣೆದುರೇ ಇರುವ ಪದಗಳು ಹುಡುಕಿದರೆ ಸಿಗುತ್ತಿರಲಿಲ್ಲ. ಕಾರಣ ಪತ್ತೆ ಮಾಡಿದ್ದು ಎಐ. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎಂದು ಎರಡು ತುಂಡಾಗಿಯೂ ಬರೆಯಬಹುದು. ನೋಡಲು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನಿನಲ್ಲೇ ಇದೆ, ಒಂದು ಸಾಲಿನ ಕೆಲಸ. ಇನ್ನೊಂದು, ಸೊನ್ನೆಯ ತಕರಾರು. ಅನುಸ್ವಾರದ ‘ಂ’ ಇರಬೇಕಾದಲ್ಲಿ ಕನ್ನಡ ಅಂಕಿಯ ‘೦’ ಬಂದು ಕೂತಿರುತ್ತದೆ. ಹಿಂದೆ ಅಕ್ಷರವಿದ್ದರೆ ಅನುಸ್ವಾರ ಮಾಡು, ಅಂಕಿಯಿದ್ದರೆ ಹಾಗೇ ಬಿಡು ಎಂದು ಹೇಳಿದರೆ ಸಾಕಾಯಿತು; ‘ಸ೦ಘ’ ಸಂಘವಾಯಿತು, ‘೧೦೦’ ನೂರಾಗಿಯೇ ಉಳಿಯಿತು. ಇಂಥದ್ದನ್ನು ಕೈಯಿಂದ ಮಾಡಲು ಹೊರಟಿದ್ದರೆ ನಮ್ಮ ಆಯಸ್ಸು ಸಾಲುತ್ತಿರಲಿಲ್ಲ.

ಸಂಚಿಕೆಯ ಹಿಂದಿನ ಪುಟಗಳಲ್ಲಿ ದಾನಿಗಳ ಪಟ್ಟಿ ಇರುತ್ತದೆ: ಹೆಸರು, ಮನೆ, ಕೊಟ್ಟ ಮೊತ್ತ, ಕೆಲವು ಕಡೆ ಫೋನ್ ನಂಬರ್. ಅದನ್ನು ಕೋಷ್ಟಕ ಮಾಡಬೇಕಿತ್ತು. ಊರವರ ಲೆಕ್ಕವನ್ನು ಯಾವುದೋ ದೇಶದ ಸರ್ವರಿಗೆ ಕಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಳಿಸುವ ಅಗತ್ಯವೂ ಇಲ್ಲ. ಅದೇ ಮಾದರಿಯಲ್ಲಿ ನಾಲ್ಕು ಸುಳ್ಳು ಸಾಲು ಬರೆದು, ಇಲ್ಲದ ಹೆಸರು, ಇಲ್ಲದ ಮನೆ ಹಾಕಿ ಕೊಟ್ಟರೆ ಎಐ ಅದಕ್ಕೆ ಪ್ರೋಗ್ರಾಂ ಬರೆಯುತ್ತದೆ. ನಿಜವಾದ ಪಟ್ಟಿಯ ಮೇಲೆ ಅದನ್ನು ಓಡಿಸುವುದು ನಮ್ಮ ಲ್ಯಾಪ್‌ಟಾಪಿನಲ್ಲೇ. ಅಂಗಡಿ ಲೆಕ್ಕ, ಸೊಸೈಟಿಯ ಸದಸ್ಯರ ಪಟ್ಟಿ, ಶಾಲೆಯ ಅಂಕಪಟ್ಟಿ ಇಟ್ಟುಕೊಂಡವರಿಗೂ ನಾನು ಇದನ್ನೇ ಹೇಳುವುದು.

ಕ್ಯಾಸೆಟ್‌ಗಳದ್ದು ಬೇರೆಯೇ ಕಥೆ. ಟೇಪ್ ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ತಂತಿ ಜೋಡಿಸಿ, ಅಡಾಸಿಟಿಯಲ್ಲಿ ಧ್ವನಿಮುದ್ರಿಸಿಕೊಳ್ಳುವುದು ಸುಲಭ. 90 ನಿಮಿಷದ ಕ್ಯಾಸೆಟಿಗೆ 90 ನಿಮಿಷ ಕೂರಬೇಕು, ಅದಕ್ಕೆ ಯಾವ ಎಐಯೂ ಇಲ್ಲ. ಆಡಿದ ಮಾತನ್ನು ಅಕ್ಷರಕ್ಕಿಳಿಸಲು 2022ರಲ್ಲಿ ಮುಕ್ತವಾಗಿ ಬಂದ ವಿಸ್ಪರ್ ಇದೆ. ಆದರೆ ಅದು ಕಲಿತ ಭಾಷೆಗಳ ರಾಶಿಯಲ್ಲಿ ಕನ್ನಡದ ಪಾಲು ತೀರಾ ಸಣ್ಣದು. ಸಂಗೀತ ಅಥವಾ ಮೌನ ಬಂದ ಕಡೆ ಇಂಥ ಮಾದರಿಗಳು ಆಡದ ಮಾತನ್ನೂ ಬರೆಯುತ್ತವೆ ಎಂಬುದು ಗೊತ್ತಿರುವ ಸಂಗತಿ. ಚೆಂಡೆ, ಜಾಗಟೆ, ಮಧ್ಯೆ ಭಾಗವತರು ಹಾಡುವ ಪದ್ಯ. ಅಲ್ಲಿ ಅದರ ಕೈಗೆ ಲೇಖನಿ ಕೊಡುವುದು ಬೇಡವೆಂದು ಬಿಟ್ಟೆವು. ನಮಗೆ ಬೇಕಾದದ್ದು ಪದ್ಯ ಎಲ್ಲಿ ಮುಗಿಯಿತು, ಅರ್ಥ ಎಲ್ಲಿ ಶುರುವಾಯಿತು ಎಂಬ ಗುರುತು ಮಾತ್ರ.

ಎಐ ಸೂಚಿಸಿದ್ದು ನಿಶ್ಶಬ್ದ ಬಂದಲ್ಲಿ ಕತ್ತರಿಸುವ ಉಪಾಯ. ಭಾಷಣ, ಸಂದರ್ಶನಗಳಿಗೆ ಅದು ಸರಿಯೇ. ಆದರೆ ತಾಳಮದ್ದಳೆಯಲ್ಲಿ ನಿಶ್ಶಬ್ದ ಎಲ್ಲಿದೆ? ಭಾಗವತರು ನಿಲ್ಲಿಸಿದರೂ ಶ್ರುತಿಪೆಟ್ಟಿಗೆ ನಿಲ್ಲುವುದಿಲ್ಲ. ಪ್ರೋಗ್ರಾಂ ಇಡೀ ಕ್ಯಾಸೆಟನ್ನು ಒಂದೇ ತುಂಡು ಎಂದು ಹೇಳಿತು. ಆಗ ಎಐಗೆ ತಾಳಮದ್ದಳೆ ಎಂದರೇನು ಎಂದು ಕೂತು ವಿವರಿಸಬೇಕಾಯಿತು: ಪದ್ಯಕ್ಕೆ ಚೆಂಡೆ, ಮದ್ದಳೆ ಇರುತ್ತವೆ, ಅರ್ಥಕ್ಕೆ ಇರುವುದಿಲ್ಲ, ಅರ್ಥ ಹೇಳುವಾಗ ಹಿಂದೆ ಕೇಳುವುದು ಶ್ರುತಿ ಮಾತ್ರ. ಆಮೇಲೆ ಅದು ಪೆಟ್ಟಿನ ಸದ್ದು ನಿಂತ ಜಾಗ ಹುಡುಕುವ ಪ್ರೋಗ್ರಾಂ ಬರೆಯಿತು. ಬಹುಪಾಲು ಗುರುತುಗಳು ಸರಿಬಂದವು. ತಪ್ಪಿದವು ಎಲ್ಲೆಂದರೆ, ಅರ್ಥಧಾರಿ ಆವೇಶಕ್ಕೇರಿದಾಗ ಮದ್ದಳೆಗಾರರು ನಡುವೆ ಒಂದು ಪೆಟ್ಟು ಹಾಕಿ ಹುರಿದುಂಬಿಸಿದ ಕಡೆ. ಅವನ್ನು ಮಾಷ್ಟ್ರು ಕೇಳಿ ಸರಿಮಾಡಿದರು. ಆ ಕೆಲಸವನ್ನು ಅವರು ಬೇಗ ಮುಗಿಸಲಿಲ್ಲ, ಮುಗಿಸುವ ಮನಸ್ಸೂ ಅವರಿಗೆ ಇದ್ದಂತಿರಲಿಲ್ಲ.

ಈಗ ಪಕ್ಕದ ಊರಿನ ಸಂಘದವರು ಅವರ ಸಿ.ಡಿ.ಗಳನ್ನು ತಂದುಕೊಟ್ಟಿದ್ದಾರೆ. ತೆರೆದರೆ ನುಡಿಯಲ್ಲ, ಶ್ರೀಲಿಪಿ. ಸಂಕೇತಗಳೇ ಬೇರೆ, ನಮ್ಮ ಪಟ್ಟಿ ಅಲ್ಲಿ ನಡೆಯುವುದಿಲ್ಲ. ಎಐಯನ್ನು ಕೇಳಿದರೆ ಎಂದಿನಂತೆ ಅನುಮಾನವಿಲ್ಲದೆ ಒಂದು ಪಟ್ಟಿ ಕೊಟ್ಟಿತು. ಅದನ್ನು ಪಕ್ಕಕ್ಕಿಟ್ಟು, ಅಚ್ಚಾದ ಸಂಚಿಕೆಯನ್ನೂ ಕಡತವನ್ನೂ ಎದುರುಬದುರು ಇಟ್ಟುಕೊಂಡು ಒಂದೊಂದೇ ಅಕ್ಷರ ಗುರುತಿಸುತ್ತ ಹೊಸ ಪಟ್ಟಿ ಮಾಡುತ್ತಿದ್ದೇವೆ. ಪರೀಕ್ಷೆಯ ಪದಗಳನ್ನು ಮಾತ್ರ ಬದಲಿಸಬೇಕಾಗಿಲ್ಲ. ಕಾಗುಣಿತ ಮುಗಿದಿದೆ, ಒತ್ತಕ್ಷರಗಳಲ್ಲಿ ‘ತ’ವರ್ಗದ ತನಕ ಬಂದಿದ್ದೇವೆ. ಪಟ್ಟಿ ಪೂರ್ತಿಯಾದ ಮೇಲೆ ನುಡಿಯ ಪಟ್ಟಿಯ ಜೊತೆಗೆ ಅದನ್ನೂ ಬೇಕಾದವರು ತೆಗೆದುಕೊಳ್ಳುವ ಹಾಗೆ ತೆರೆದಿಡುವುದೆಂದು ಎರಡೂ ಸಂಘದವರು ಸೇರಿ ತೀರ್ಮಾನಿಸಿದ್ದೇವೆ.