ಗಿಟ್ ವೇಗವಾದದ್ದು ಹೇಗೆ? ಲೆಕ್ಕ ಬರೆಯುವವರಿಗೆ ಒಂದು ಪಾಠ



ಲೆಕ್ಕದ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಅಳಿಸಬಾರದು, ತಪ್ಪಾಗಿದ್ದರೆ ತಿದ್ದುಪಡಿಯ ಇನ್ನೊಂದು ನಮೂದು ಹಾಕಬೇಕು. ವಾಣಿಜ್ಯ ವಿಭಾಗದ ನಮಗೆಲ್ಲ ಇದು ಗೊತ್ತಿರುವ ನಿಯಮ. ಜಮಾ, ಖರ್ಚು, ಬಾಕಿ, ದಾಖಲೆ ಎಂಬ ಮಾತುಗಳು ನಮ್ಮ ಮನೆಯ ಉರ್ದುವಿನಲ್ಲೂ ತರಗತಿಯ ಕನ್ನಡದಲ್ಲೂ ಒಂದೇ ಆದ್ದರಿಂದ ಈ ಪಾಠ ನನಗೆ ಬೇಗ ಹತ್ತಿತು. ಗಿಟ್ ಎಂಬ ತಂತ್ರಾಂಶದ ಬಗ್ಗೆ ಓದುವಾಗ ಅದೇ ನಿಯಮ ಅಲ್ಲಿಯೂ ಕಂಡಿತು. ಇಪ್ಪತ್ತು ವರ್ಷಗಳಿಂದ ಗಿಟ್‌ನ ವೇಗವನ್ನು ಹೆಚ್ಚಿಸುತ್ತಲೇ ಬಂದಿದ್ದಾರೆ, ಆದರೆ ಹಳೆಯ ದಾಖಲೆ ಕೆಟ್ಟಿಲ್ಲ. ಅದು ಹೇಗೆ ಸಾಧ್ಯವಾಯಿತು ಎಂಬುದೇ ಈ ಲೇಖನದ ವಿಷಯ.

ಗಿಟ್ ಎಂದರೇನು?

ಒಂದು ಪ್ರೋಗ್ರಾಮನ್ನು ಹಲವರು ಸೇರಿ ಬರೆಯುವಾಗ ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬ ದಾಖಲೆ ಇಡುವ ವ್ಯವಸ್ಥೆ ಗಿಟ್. ಲಿನಕ್ಸ್ ತಯಾರಕರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಚಿತ ಬಳಕೆ 2005ರಲ್ಲಿ ನಿಂತಿತು. ಆಗ ಲೀನಸ್ ಟೊರ್ವಾಲ್ಡ್ಸ್ ಅದೇ ವರ್ಷದ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ತೊಡಗಿದರು. ಕೆಲವೇ ತಿಂಗಳಲ್ಲಿ ಅದರ ಹೊಣೆಯನ್ನು ಜುನಿಯೊ ಹಮಾನೊ ವಹಿಸಿಕೊಂಡರು.

ಗಿಟ್‌ನಲ್ಲಿ ಉಳಿಸಿದ ಪ್ರತಿಯೊಂದು ಕಡತಕ್ಕೂ ಪ್ರತಿಯೊಂದು ನಮೂದಿಗೂ ಸಾಮಾನ್ಯವಾಗಿ 40 ಅಕ್ಷರಗಳ ಒಂದು ಹೆಸರಿರುತ್ತದೆ. ಆ ಹೆಸರು ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿ ಬರುವಂಥದ್ದು. ಒಳಗೆ ಒಂದು ಅಲ್ಪವಿರಾಮ ಬದಲಾದರೂ ಹೆಸರು ಬದಲಾಗುತ್ತದೆ. ಪ್ರತಿ ನಮೂದಿನಲ್ಲಿ ಹಿಂದಿನ ನಮೂದಿನ ಹೆಸರೂ ಇರುವುದರಿಂದ, ನಡುವಿನ ಒಂದನ್ನು ಗುಟ್ಟಾಗಿ ತಿದ್ದಿದರೆ ಮುಂದಿನದೆಲ್ಲ ತಾಳೆಯಾಗುವುದಿಲ್ಲ. ಗಿಟ್ ಕೊಡುವ ಮಾತು ಇದು. ಅದನ್ನು ಮುರಿದು ಗಳಿಸಿದ ವೇಗಕ್ಕೆ ಬೆಲೆಯಿಲ್ಲ.

ಗೋದಾಮಿನ ಸುಧಾರಣೆ

ಮೊದಲು ಗಿಟ್ ಪ್ರತಿಯೊಂದನ್ನೂ ಬಿಡಿ ಕಡತವಾಗಿ ಕುಗ್ಗಿಸಿ ಇಡುತ್ತಿತ್ತು. ಸಾವಿರ ಸಾಲಿನ ಕಡತದಲ್ಲಿ ಒಂದು ಸಾಲು ಬದಲಾದರೂ ಇಡೀ ಕಡತವನ್ನು ಮತ್ತೊಮ್ಮೆ ಇಡಬೇಕು. ಇದರಿಂದ ಜಾಗ ಬೇಗ ತುಂಬುತ್ತದೆ. 2005ರಲ್ಲೇ ಇದಕ್ಕೆ ಪ್ಯಾಕ್ ಎಂಬ ಪರಿಹಾರ ಬಂತು. ಬಿಡಿ ಕಡತಗಳನ್ನೆಲ್ಲ ಒಂದು ದೊಡ್ಡ ಕಟ್ಟಿನಲ್ಲಿ ಸೇರಿಸಿ, ಒಂದನ್ನು ಪೂರ್ತಿಯಾಗಿಯೂ ಅದನ್ನು ಹೋಲುವ ಉಳಿದವನ್ನು ಕೇವಲ ವ್ಯತ್ಯಾಸವಾಗಿಯೂ ಇಡುವುದು ಇದರ ಉಪಾಯ. ಈಗಲೂ ಹೊಸದನ್ನು ಬಿಡಿಯಾಗಿಯೇ ಇಟ್ಟು, ಬಿಡಿ ಕಡತಗಳು ಸುಮಾರು 6,700 ದಾಟಿದರೆ ಗಿಟ್ ತಾನಾಗಿಯೇ ಕಟ್ಟು ಕಟ್ಟುತ್ತದೆ.

ಇಲ್ಲಿ ನಮ್ಮ ವೆಚ್ಚದ ಲೆಕ್ಕ ಬರುತ್ತದೆ. ವ್ಯತ್ಯಾಸದ ಮೇಲೆ ವ್ಯತ್ಯಾಸ ಇಡುತ್ತಾ ಹೋದರೆ ಜಾಗ ಉಳಿಯುತ್ತದೆ, ಆದರೆ ಒಂದು ಹಳೆಯ ಕಡತ ಬೇಕೆಂದರೆ ಸರಪಳಿಯ ಕೊಂಡಿಗಳನ್ನೆಲ್ಲ ಜೋಡಿಸಿ ಅದನ್ನು ತಯಾರಿಸಬೇಕು. ಉಳಿಸಿದ ಜಾಗಕ್ಕೆ ಸಮಯ ತೆರಬೇಕು. ಅದಕ್ಕೇ ಸರಪಳಿಯ ಉದ್ದಕ್ಕೆ ಸಾಮಾನ್ಯವಾಗಿ 50ರ ಮಿತಿ ಹಾಕಿದ್ದಾರೆ.

ಅಳೆಯದೆ ಯೋಜನೆ ಇಲ್ಲ

ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸ್‌ನ ಮೂಲ ಬರಹವನ್ನು ಗಿಟ್‌ಗೆ ತಂದಾಗ ಅದರಲ್ಲಿ ಸುಮಾರು 35 ಲಕ್ಷ ಕಡತಗಳಿದ್ದವು. ಗಾತ್ರ ಸುಮಾರು 300 ಗಿಗಾಬೈಟ್. ಅವರು ಒಂದೊಂದು ಕೆಲಸಕ್ಕೆ ಹಿಡಿಯುವ ಸಮಯವನ್ನು ಅಳೆದು 2017ರಲ್ಲಿ ಪ್ರಕಟಿಸಿದರು. ಇಡೀ ಸಂಗ್ರಹದ ನಕಲು ತೆಗೆಯಲು 12 ಗಂಟೆಗೂ ಹೆಚ್ಚು ಬೇಕಿತ್ತು. ಏನು ಬದಲಾಗಿದೆ ಎಂದು ಸುಮ್ಮನೆ ಕೇಳಿದರೂ ಉತ್ತರಕ್ಕೆ ಸುಮಾರು 10 ನಿಮಿಷ ಕಾಯಬೇಕಿತ್ತು.

ಅಳತೆ ಕೈಯಲ್ಲಿದ್ದಾಗ ಕಾರಣ ಸ್ಪಷ್ಟವಾಯಿತು. ಒಬ್ಬ ಇಂಜಿನಿಯರ್ ಮುಟ್ಟುವುದು ಅಷ್ಟರಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ, ಆದರೆ ಗಿಟ್ ಎಲ್ಲವನ್ನೂ ತರುತ್ತಿತ್ತು, ಎಲ್ಲವನ್ನೂ ನೋಡುತ್ತಿತ್ತು. ಆದ್ದರಿಂದ ಕಡತವನ್ನು ತೆರೆದಾಗ ಮಾತ್ರ ಅದನ್ನು ತರುವ ವ್ಯವಸ್ಥೆ ಮಾಡಿದರು. ಆಮೇಲೆ ನಕಲು ಕೆಲವೇ ನಿಮಿಷಗಳಲ್ಲಿ ಮುಗಿಯಿತು, 10 ನಿಮಿಷದ ಉತ್ತರ 4–5 ಸೆಕೆಂಡಿಗೆ ಬಂತು.

ಮೂಲ ದಾಖಲೆ ಬೇರೆ, ಸಹಾಯದ ಪಟ್ಟಿ ಬೇರೆ

2018ರ ಜೂನ್‌ನಲ್ಲಿ ಬಂದ ಗಿಟ್ 2.18ರಲ್ಲಿ ಕಮಿಟ್-ಗ್ರಾಫ್ ಎಂಬ ಹೊಸ ಪಟ್ಟಿ ಸೇರಿತು. ಯಾವ ನಮೂದಿನ ಹಿಂದೆ ಯಾವ ನಮೂದು ಇದೆ ಎಂಬುದನ್ನು ಅದು ಒಂದೇ ಕಡೆ ಬರೆದಿಡುತ್ತದೆ. ಇತಿಹಾಸ ಹುಡುಕುವಾಗ ಪ್ರತಿಯೊಂದು ನಮೂದನ್ನೂ ಬಿಚ್ಚಿ ಓದುವ ಶ್ರಮ ತಪ್ಪುತ್ತದೆ. ಈ ಪಟ್ಟಿಯನ್ನು ಅಳಿಸಿಹಾಕಿದರೂ ನಷ್ಟವಿಲ್ಲ, ಮೂಲ ದಾಖಲೆಯಿಂದ ಮತ್ತೆ ತಯಾರಿಸಬಹುದು. ತಾಳೆಪಟ್ಟಿ ಹರಿದುಹೋದರೆ ಲೆಡ್ಜರ್ ನೋಡಿ ಮತ್ತೆ ಬರೆಯುತ್ತೇವೆ. ಲೆಡ್ಜರ್ ಹರಿದರೆ ಮಾತ್ರ ಕಷ್ಟ. ವೇಗಕ್ಕಾಗಿ ಮಾಡುವ ಪ್ರಯೋಗ ಸಹಾಯದ ಪಟ್ಟಿಯಲ್ಲಿ ನಡೆದರೆ ಭಯವಿಲ್ಲ.

ಮಾತುಕತೆಯ ಸುಧಾರಣೆ

ಗೋದಾಮು ಚೆನ್ನಾಗಿದ್ದರೂ ಕೌಂಟರಿನಲ್ಲಿ ತಡವಾದರೆ ಗ್ರಾಹಕನಿಗೆ ಲಾಭವಿಲ್ಲ. ಹಳೆಯ ಪದ್ಧತಿಯಲ್ಲಿ ನಮ್ಮ ಕಂಪ್ಯೂಟರ್ ಸರ್ವರನ್ನು ಸಂಪರ್ಕಿಸಿದ ಕೂಡಲೇ ಅದು ತನ್ನಲ್ಲಿರುವ ಎಲ್ಲ ಶಾಖೆಗಳ ಪಟ್ಟಿಯನ್ನೂ ಕಳುಹಿಸುತ್ತಿತ್ತು. ಒಂದೇ ಶಾಖೆ ಬೇಕಿದ್ದವರೂ ಅಷ್ಟನ್ನೂ ಕೇಳಬೇಕಿತ್ತು. 2018ರಲ್ಲೇ ಬಂದ ಎರಡನೇ ಆವೃತ್ತಿಯ ಸಂವಹನ ನಿಯಮದಲ್ಲಿ ಬೇಕಾದದ್ದನ್ನು ಮೊದಲೇ ಹೇಳಿ, ಅಷ್ಟರ ಪಟ್ಟಿಯನ್ನು ಮಾತ್ರ ಪಡೆಯಬಹುದು. ಹೊಸ ನಿಯಮ ಗೊತ್ತಿಲ್ಲದ ಹಳೆಯ ಕಂಪ್ಯೂಟರಿಗೆ ಸರ್ವರ್ ಹಳೆಯ ರೀತಿಯಲ್ಲೇ ಉತ್ತರಿಸುತ್ತದೆ. ಯಾರನ್ನೂ ಬಾಗಿಲ ಹೊರಗೆ ನಿಲ್ಲಿಸಲಿಲ್ಲ.

ಭಾಗಶಃ ನಕಲು ತೆಗೆಯುವ ಸೌಲಭ್ಯವೂ ಈಗ ಗಿಟ್‌ನಲ್ಲೇ ಇದೆ. ಮೊದಲು ಇತಿಹಾಸವನ್ನು ಮಾತ್ರ ತಂದುಕೊಂಡು, ಕಡತಗಳ ಒಳಗಿನ ವಿಷಯವನ್ನು ಬೇಕಾದಾಗ ತರಿಸಿಕೊಳ್ಳಬಹುದು. ಮೊಬೈಲ್ ಹಾಟ್‌ಸ್ಪಾಟ್ ನಂಬಿರುವ ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ದಿನದ ಡೇಟಾ ಮುಗಿಯುವ ಭಯಕ್ಕೆ ಯಾರೂ ಕಲಿಕೆ ಬಿಡಬೇಕಾಗಿಲ್ಲ. ಆದರೆ ಆಮೇಲೆ ಹಳೆಯ ಕಡತ ಬೇಕೆಂದರೆ ಆಗಲೂ ನೆಟ್‌ವರ್ಕ್ ಬೇಕು, ಅದು ಇದರ ಖರ್ಚು.

ನೆನಪಿಡಬೇಕಾದ ಅಂಶಗಳು

1. ಯಾವುದು ಬದಲಾಗಬಾರದು ಎಂಬುದನ್ನು ಮೊದಲು ಬರೆದುಕೊಳ್ಳಬೇಕು.
2. ಎಲ್ಲಿ ತಡವಾಗುತ್ತಿದೆ ಎಂದು ಊಹಿಸದೆ ಅಳೆಯಬೇಕು.
3. ಪ್ರತಿ ಉಳಿತಾಯದ ಎದುರಿಗೆ ಅದರ ಖರ್ಚನ್ನೂ ಬರೆಯಬೇಕು.
4. ಹೊಸ ವೇಗವನ್ನು ಆದಷ್ಟು ಸಹಾಯದ ಪಟ್ಟಿಗಳಿಂದ ಗಳಿಸಬೇಕು, ಮೂಲ ದಾಖಲೆಯನ್ನು ಮುಟ್ಟಬಾರದು.
5. ಹಳೆಯ ಬಳಕೆದಾರರನ್ನು ಕೈಬಿಡಬಾರದು.

ಅಂಗಡಿಯ ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರಿಗೆ ತರುವವರಿಗೂ, ಗ್ರಂಥಾಲಯದ ರಿಜಿಸ್ಟರನ್ನು ಹೊಸದಾಗಿ ಜೋಡಿಸುವವರಿಗೂ ಈ ಐದು ಮಾತು ಹೊಂದುತ್ತವೆ. ಕೆಲಸ ಬೇಗವಾಗಲೆಂದು ಹಳೆಯ ಬಾಕಿಯ ಪುಟಗಳನ್ನು ಬಿಟ್ಟು ಹೊಸ ಲೆಕ್ಕ ತೆರೆದರೆ, ನಾಳೆ ಸಾಲ ಕೊಟ್ಟವನ ಮಾತಿಗೂ ತೀರಿಸಿದವನ ಮಾತಿಗೂ ಸಾಕ್ಷಿ ಇರುವುದಿಲ್ಲ.

ಅಭ್ಯಾಸ

ಲ್ಯಾಬಿನಲ್ಲಿ ಗಿಟ್ ಇದ್ದರೆ ಒಂದು ಸಣ್ಣ ಸಂಗ್ರಹ ಮಾಡಿ, ಒಂದೇ ಕಡತವನ್ನು ಹತ್ತು ಸಲ ಸ್ವಲ್ಪ ಸ್ವಲ್ಪ ಬದಲಿಸಿ ಪ್ರತಿ ಸಲವೂ ಕಮಿಟ್ ಮಾಡಿ. ಗಿಟ್‌ನ ಕೌಂಟ್-ಆಬ್ಜೆಕ್ಟ್ಸ್ ಆಜ್ಞೆಯಿಂದ ಬಿಡಿ ಕಡತಗಳನ್ನು ಎಣಿಸಿ. ಬಳಿಕ ಜಿಸಿ ಆಜ್ಞೆ ಕೊಟ್ಟು ಮತ್ತೆ ಎಣಿಸಿ. ಬಿಡಿ ಕಡತಗಳ ಸಂಖ್ಯೆ ಇಳಿದಿರುತ್ತದೆ. ಈಗ ಲಾಗ್ ಆಜ್ಞೆಯಿಂದ ಕಮಿಟ್‌ಗಳ ಹೆಸರುಗಳನ್ನು ಹಿಂದಿನ ಪಟ್ಟಿಯೊಂದಿಗೆ ತಾಳೆ ನೋಡಿ. ಒಂದು ಅಕ್ಷರವೂ ಬದಲಾಗಿರುವುದಿಲ್ಲ.